ನಾರ್ಫಕ್ ದ್ವೀಪದ ಹದಿನಾಲ್ಕನೆಯ ಶಾಸನಸಭೆ: ಅವಧಿಗೆ ಮುನ್ನವೇ ಬಿದ್ದ ತೆರೆ

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಸುಮಾರು 1,400 ಕಿ.ಮೀ. ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ ನಾರ್ಫಕ್ ದ್ವೀಪವಿದೆ. ವಿಸ್ತೀರ್ಣ ಸುಮಾರು 35 ಚದರ ಕಿ.ಮೀ., ಜನಸಂಖ್ಯೆ ಎರಡು ಸಾವಿರದ ಆಸುಪಾಸು. 2015ರಲ್ಲಿ ಇಲ್ಲಿನ ಶಾಸನಸಭೆ ರದ್ದಾಯಿತು. ಅದರ ಬಗೆಗಿನ ಜಗಳ ಇನ್ನೂ ಆರಿಲ್ಲ. ಒಬ್ಬರು ಹಣಕಾಸಿನ ಮಾತೆತ್ತಿದರೆ ಮತ್ತೊಬ್ಬರು ಹಕ್ಕಿನ ಮಾತೆತ್ತುತ್ತಾರೆ.

1788ರಿಂದ ಎರಡು ಬಾರಿ ಬ್ರಿಟಿಷರ ಕೈದಿಗಳ ನೆಲೆಯಾಗಿದ್ದ ದ್ವೀಪಕ್ಕೆ 1856ರ ಜೂನ್ 8ರಂದು ಪೆಸಿಫಿಕ್ ಸಾಗರದ ಇನ್ನೊಂದು ಪುಟ್ಟ ದ್ವೀಪವಾದ ಪಿಟ್‌ಕೇರ್ನ್‌ನಿಂದ 194 ಮಂದಿ ಬಂದಿಳಿದರು. ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗಿನಲ್ಲಿ ನಾಯಕನ ವಿರುದ್ಧ ದಂಗೆಯೆದ್ದ ನಾವಿಕರ ಮತ್ತು ಅವರೊಡನೆ ಬಂದ ತಹೀತಿ ಮಹಿಳೆಯರ ಸಂತತಿ ಅದು. ದ್ವೀಪ ತಮಗೆ ಕೊಟ್ಟ ನೆಲೆ ಎಂದು ಅವರ ವಂಶಸ್ಥರಲ್ಲಿ ಅನೇಕರು ಇಂದಿಗೂ ನಂಬುತ್ತಾರೆ. 1914ರಲ್ಲಿ ಆಡಳಿತ ಆಸ್ಟ್ರೇಲಿಯಾಕ್ಕೆ ಸೇರಿತು.

1970ರ ದಶಕದಲ್ಲಿ ಆಸ್ಟ್ರೇಲಿಯಾ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ (ರಾಯಲ್ ಕಮಿಷನ್) ದ್ವೀಪವನ್ನು ಆಸ್ಟ್ರೇಲಿಯಾ ಮುಖ್ಯಭೂಮಿಯ ವ್ಯವಸ್ಥೆಗೆ ಬೆಸೆಯಬೇಕೆಂದು ಹೇಳಿತ್ತು. ಸರ್ಕಾರ ಆ ದಾರಿ ಹಿಡಿಯಲಿಲ್ಲ. 1979ರಲ್ಲಿ ಒಂಬತ್ತು ಸದಸ್ಯರ ಶಾಸನಸಭೆ ಹುಟ್ಟಿತು. ಅವಧಿ ಹೆಚ್ಚೆಂದರೆ ಮೂರು ವರ್ಷ. ಮತದಾರನಿಗೆ ಒಂಬತ್ತು ಮತಗಳು. ಮೆಚ್ಚಿದ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಕೊಡಬಹುದಿತ್ತು, ಆದರೆ ಮಿತಿಯೊಳಗೆ. ಇಷ್ಟು ಪುಟ್ಟ ಸಭೆಯ ಕೈಯಲ್ಲಿ ವಲಸೆ, ಕಸ್ಟಮ್ಸ್, ಆರೋಗ್ಯ, ಅಂಚೆಯಂಥ ಅಧಿಕಾರಗಳಿದ್ದವು. ಆದಾಯ ತೆರಿಗೆ ಇರಲಿಲ್ಲ. ದ್ವೀಪದ ನಾರ್ಫಕ್ ಭಾಷೆಗೆ 2004ರಲ್ಲಿ ಕಾನೂನಿನ ಮಾನ್ಯತೆ ಕೊಟ್ಟದ್ದೂ ಇದೇ ಸಭೆ. ನನ್ನ ಮಟ್ಟಿಗೆ ಅದರ ಅತ್ಯಂತ ದೊಡ್ಡ ಕೆಲಸ ಅದು.

ಬೊಕ್ಕಸ ಮಾತ್ರ ಪ್ರವಾಸಿಗರನ್ನೇ ನೆಚ್ಚಿತ್ತು. 2008ರ ಆರ್ಥಿಕ ಕುಸಿತದ ನಂತರ ಅವರ ಸಂಖ್ಯೆ ಇಳಿಯಿತು; ದ್ವೀಪವೇ ನಡೆಸುತ್ತಿದ್ದ ವಿಮಾನ ಸೇವೆಯೂ ನಷ್ಟಕ್ಕೆ ಬಿತ್ತು. 2010ರ ಕೊನೆಗೆ ದ್ವೀಪದ ಸರ್ಕಾರವೇ ಕ್ಯಾನ್‌ಬೆರಾದ (ಅಂದರೆ ಆಸ್ಟ್ರೇಲಿಯಾ ಸರ್ಕಾರದ) ನೆರವು ಕೇಳಿತು. ಪ್ರತಿಯಾಗಿ ಆಸ್ಟ್ರೇಲಿಯಾದ ತೆರಿಗೆ ವ್ಯವಸ್ಥೆಗೆ ಸೇರಲು, ಸ್ವಾಡಳಿತದ ಒಂದು ಭಾಗ ಬಿಟ್ಟುಕೊಡಲು ಒಪ್ಪಿತು. ಈ ಸಂಗತಿಯನ್ನು ಮುಚ್ಚಿಟ್ಟು 2015ರ ಬಗ್ಗೆ ಮಾತಾಡುವುದು ನ್ಯಾಯವಲ್ಲ. ಆಸ್ಪತ್ರೆ ಹಳೆಯದಾಗಿತ್ತು, ಮುಖ್ಯಭೂಮಿಯ ಆರೋಗ್ಯ ವಿಮೆ, ಪಿಂಚಣಿಗಳು ಇಲ್ಲಿನವರಿಗೆ ದಕ್ಕುತ್ತಿರಲಿಲ್ಲ. ಬದಲಾವಣೆ ಬೇಕೆಂದವರು ದ್ವೀಪದಲ್ಲೂ ಇದ್ದರು.

ಹದಿನಾಲ್ಕನೆಯ ಸಭೆ ಚುನಾಯಿತವಾದದ್ದು 2013ರ ಮಾರ್ಚ್‌ನಲ್ಲಿ. ಮರುವರ್ಷ ಆಸ್ಟ್ರೇಲಿಯಾದ ಸಂಸದೀಯ ಸಮಿತಿಯೊಂದು ಶಾಸನಸಭೆಯ ಬದಲು ಸ್ಥಳೀಯ ಸಂಸ್ಥೆ ಸಾಕೆಂದು ಶಿಫಾರಸು ಮಾಡಿತು. 2015ರ ಮಾರ್ಚ್‌ನಲ್ಲಿ ಮಸೂದೆ ಮಂಡನೆಯಾಯಿತು. ಮೇ 8ರಂದು ದ್ವೀಪದಲ್ಲಿ ಜನಮತಗಣನೆ ನಡೆಯಿತು. ತಮ್ಮ ರಾಜಕೀಯ ಸ್ಥಾನಮಾನವನ್ನು ನಿರ್ಧರಿಸುವ ಹಕ್ಕು ತಮಗಿರಬೇಕು, ಬದಲಾವಣೆಗೆ ಮುನ್ನ ತಮ್ಮನ್ನು ಕೇಳಬೇಕು ಎಂದು ಶೇ. 68ರಷ್ಟು ಮತದಾರರು ಹೇಳಿದರು. ಆರು ದಿನಗಳ ನಂತರ, ಮೇ 14ರಂದು, ಆಸ್ಟ್ರೇಲಿಯಾದ ಸಂಸತ್ತು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಜೂನ್ 17ಕ್ಕೆ ಸಭೆಯೇ ಇಲ್ಲವಾಯಿತು. ಅವಧಿ ಮುಗಿಯಲು ಇನ್ನೂ ಸುಮಾರು ಒಂಬತ್ತು ತಿಂಗಳಿತ್ತು. ಹಣಕಾಸಿನ ಲೆಕ್ಕ ಏನೇ ಇರಲಿ, ಆ ಒಂಬತ್ತು ತಿಂಗಳು ಕಾಯುವುದಕ್ಕೆ, ಒಂದು ಸುತ್ತು ಮಾತುಕತೆ ನಡೆಸುವುದಕ್ಕೆ ಏನು ಅಡ್ಡಿಯಿತ್ತು ಎಂಬ ಪ್ರಶ್ನೆಗೆ ನನಗೆ ಒಪ್ಪುವಂಥ ಉತ್ತರ ಎಲ್ಲಿಯೂ ಸಿಕ್ಕಿಲ್ಲ.

2016ರ ಏಪ್ರಿಲ್‌ನಲ್ಲಿ ದ್ವೀಪದ ಒಂದು ಗುಂಪು ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿತು. ಜುಲೈ 1ರಿಂದ ಆದಾಯ ತೆರಿಗೆ, ಆರೋಗ್ಯ ವಿಮೆ, ಐವರು ಸದಸ್ಯರ ಪ್ರಾದೇಶಿಕ ಕೌನ್ಸಿಲ್ ಒಟ್ಟಿಗೇ ಬಂದವು. ಹಣಕಾಸಿನ ಬಿಕ್ಕಟ್ಟಿನ ನಡುವೆ 2021ರಲ್ಲಿ ಆ ಕೌನ್ಸಿಲನ್ನೂ ಮೊದಲು ಅಮಾನತು ಮಾಡಿ, ವರ್ಷದ ಕೊನೆಗೆ ವಜಾ ಮಾಡಲಾಯಿತು. ನೇಮಕಗೊಂಡ ಆಡಳಿತಾಧಿಕಾರಿ ಅದರ ಜಾಗಕ್ಕೆ ಬಂದರು. 2022ರಿಂದ ಶಾಲೆ, ಆರೋಗ್ಯದಂಥ ಸೇವೆಗಳನ್ನು ನಡೆಸುತ್ತಿರುವುದು ಕ್ವೀನ್ಸ್‌ಲ್ಯಾಂಡ್ ರಾಜ್ಯ. ಆದರೆ ಆ ರಾಜ್ಯದ ಚುನಾವಣೆಯಲ್ಲಿ ದ್ವೀಪದವರಿಗೆ ಮತವಿಲ್ಲ. ಸಂಸತ್ತಿಗೆ ಅವರು ಮತ ಹಾಕುವುದು ಕ್ಯಾನ್‌ಬೆರಾ ಪ್ರದೇಶದ ಬೀನ್ ಕ್ಷೇತ್ರದಲ್ಲಿ.