ಓಲೆಡ್ ಟಿ.ವಿ.: ಪರದೆಗಿಂತ ಮೊದಲು ಕೋಣೆಯನ್ನು ನೋಡಿ

ಬೆಂಗಳೂರಿನ ಯಾವ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗೆ ಹೋದರೂ ಓಲೆಡ್ ಟಿ.ವಿ.ಗಳಿರುವ ಗೋಡೆಯ ಮೇಲೆ ಓಡುವ ದೃಶ್ಯಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಕಡುಗಪ್ಪು ಹಿನ್ನೆಲೆಯಲ್ಲಿ ಅರಳುವ ಹೂವು, ಇರುಳ ಆಕಾಶದಲ್ಲಿ ಸಿಡಿಯುವ ಬಾಣಬಿರುಸು, ಕತ್ತಲೆಯಲ್ಲಿ ಹೊಳೆಯುವ ಚಿನ್ನದ ಕಣಗಳು. ಇವು ಓಲೆಡ್ ಪರದೆಯ ಬಲವನ್ನು ತೋರಿಸಲೆಂದೇ ಆಯ್ದ ದೃಶ್ಯಗಳು. ನಮ್ಮ ಮನೆಗಳಲ್ಲಿ ಓಡುವುದಾದರೋ ಬೆಳಗ್ಗೆ ಭಕ್ತಿಗೀತೆ, ಮಧ್ಯಾಹ್ನ ಸುದ್ದಿವಾಹಿನಿ, ಸಂಜೆ ಧಾರಾವಾಹಿ, ಬೇಸಿಗೆ ಬಂತೆಂದರೆ ಎರಡು ತಿಂಗಳು ಕ್ರಿಕೆಟ್. ಇಷ್ಟು ಬೇರೆಬೇರೆ ಕೆಲಸಗಳಿಗೆ ಒಂದೇ ಪರದೆ ಹೇಗೆ ಹೊಂದುತ್ತದೆ ಎಂಬುದು ತಿಳಿಯಬೇಕಾದರೆ ಅದರೊಳಗೆ ಬೆಳಕು ಹುಟ್ಟುವ ಬಗೆಯನ್ನು ಮೊದಲು ನೋಡಬೇಕು. ಓಲೆಡ್‌ನ ಗುಣ ಮತ್ತು ದೋಷ ಎರಡಕ್ಕೂ ಮೂಲ ಒಂದೇ: ಅಲ್ಲಿನ ಪ್ರತಿಯೊಂದು ಚುಕ್ಕಿಯೂ ತನ್ನ ಬೆಳಕನ್ನು ತಾನೇ ಉರಿಸಿಕೊಳ್ಳುತ್ತದೆ.

ಸಾಧಾರಣ ಎಲ್‌ಸಿಡಿ ಟಿ.ವಿ.ಯಲ್ಲಿ, ಅಂದರೆ ಅಂಗಡಿಯವರು ಎಲ್‌ಇಡಿ ಟಿ.ವಿ. ಎಂದು ಕರೆಯುವ ಸೆಟ್ಟಿನಲ್ಲಿ, ಪರದೆಯ ಹಿಂದೆ ದೀಪಗಳು ಸದಾ ಉರಿಯುತ್ತಿರುತ್ತವೆ. ಮುಂದಿರುವ ದ್ರವ ಸ್ಫಟಿಕದ ಪದರ ಕಿಟಕಿಯ ಬಾಗಿಲಿನಂತೆ ಆ ಬೆಳಕನ್ನು ಬೇಕಾದಷ್ಟು ಒಳಬಿಡುತ್ತದೆ, ಬೇಡವಾದಾಗ ತಡೆಯುತ್ತದೆ. ಬಾಗಿಲು ಎಷ್ಟೇ ಭದ್ರವಾಗಿ ಮುಚ್ಚಿದರೂ ಸಂದಿಯಲ್ಲಿ ಒಂದಿಷ್ಟು ಬೆಳಕು ಸೋರುತ್ತದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವಾಗ ಕಪ್ಪು ಬೂದಿಯ ಬಣ್ಣಕ್ಕೆ ತಿರುಗಿದಂತೆ ಕಾಣುವುದು ಅದರಿಂದಲೇ. ಈ ದ್ರವ ಸ್ಫಟಿಕಗಳ ವಿಜ್ಞಾನದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು 1977ರಲ್ಲಿ ಬಿಲ್ಲೆಯಾಕಾರದ ಅಣುಗಳಿಂದಾದ ದ್ರವ ಸ್ಫಟಿಕವನ್ನು ಮೊದಲ ಬಾರಿಗೆ ಕಂಡುಹಿಡಿದರು. ಅಲ್ಲಿಯವರೆಗೆ ದ್ರವ ಸ್ಫಟಿಕವಾಗಲು ಅಣುಗಳು ಕಡ್ಡಿಯಂತೆ ಉದ್ದವಾಗಿರಬೇಕೆಂದೇ ತಿಳಿಯಲಾಗಿತ್ತು. ಮುಂದೆ ಈ ಬಿಲ್ಲೆ ಅಣುಗಳ ಹಾಳೆಯನ್ನು ಎಲ್‌ಸಿಡಿ ಪರದೆಗೆ ಅಂಟಿಸಿ, ಪಕ್ಕದಿಂದ ನೋಡುವವರಿಗೂ ಚಿತ್ರ ಮಂಕಾಗದಂತೆ ಮಾಡುವ ತಂತ್ರ ಬಂತು.

ಓಲೆಡ್‌ನಲ್ಲಿ ಹಿಂದಿನ ದೀಪವೂ ಇಲ್ಲ, ಬಾಗಿಲೂ ಇಲ್ಲ. ದಸರೆಯ ದೀಪಾಲಂಕಾರದ ಮೈಸೂರು ಅರಮನೆಯನ್ನು ನೆನೆಯಿರಿ. ಅಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಸ್ವಿಚ್ಚಿಗೆ ಒಟ್ಟಿಗೆ ಹತ್ತುತ್ತವೆ. ಪ್ರತಿ ಬಲ್ಬಿಗೂ ಬೇರೆ ಸ್ವಿಚ್ಚಿದ್ದು, ಒಂದೊಂದನ್ನೂ ಬೇಕಾದಷ್ಟೇ ಬೆಳಗಿಸುವ ಅಥವಾ ಪೂರ್ತಿ ಆರಿಸುವ ವ್ಯವಸ್ಥೆಯಿದ್ದರೆ ಆ ಗೋಡೆಯ ಮೇಲೆ ಚಿತ್ರವನ್ನೇ ಬಿಡಿಸಬಹುದಿತ್ತು. 4ಕೆ ಓಲೆಡ್ ಪರದೆಯಲ್ಲಿ ಇಂಥ 82,94,400 ಚುಕ್ಕಿಗಳಿವೆ, ಪ್ರತಿ ಚುಕ್ಕಿಯೊಳಗೆ ಮತ್ತೆ ಬೇರೆಬೇರೆ ಬಣ್ಣದ ಮೂರು ಅಥವಾ ನಾಲ್ಕು ಉಪಚುಕ್ಕಿಗಳಿವೆ. ಕಪ್ಪು ಬೇಕಾದ ಜಾಗದಲ್ಲಿ ಚುಕ್ಕಿ ಆರಿಹೋಗುತ್ತದೆ. ಅದರ ಪಕ್ಕದ ಚುಕ್ಕಿ ಪ್ರಖರವಾಗಿ ಬೆಳಗುತ್ತಿದ್ದರೂ ಅದು ಕಪ್ಪಾಗಿಯೇ ಉಳಿಯುತ್ತದೆ.

ಹೆಸರಿನಲ್ಲಿರುವ 'ಓ' ಎಂದರೆ ಆರ್ಗ್ಯಾನಿಕ್, ಸಾವಯವ. ರಾಸಾಯನಿಕ ಗೊಬ್ಬರ ಹಾಕದೆ ಬೆಳೆದ ಸೊಪ್ಪಿಗೂ ಇದಕ್ಕೂ ಸಂಬಂಧವಿಲ್ಲ; ಇಂಗಾಲದ ಚೌಕಟ್ಟಿನ ಮೇಲೆ ಕಟ್ಟಿದ ಅಣುಗಳೆಂದಷ್ಟೇ ಅದರ ಅರ್ಥ. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ ಅವರು 1987ರಲ್ಲಿ ಇಂಥ ಅಣುಗಳ ಎರಡು ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸಿ, 10 ವೋಲ್ಟಿಗೂ ಕಡಿಮೆ ವಿದ್ಯುತ್ತಿನಲ್ಲಿ ಅವು ಹಸಿರಾಗಿ ಬೆಳಗುವುದನ್ನು ತೋರಿಸಿದರು. ಎರಡು ಪದರ ಎಂಬುದೇ ಅವರ ಜಾಣ್ಮೆ. ಒಂದು ಪದರ ಇಲೆಕ್ಟ್ರಾನ್‌ಗಳನ್ನು ಚೆನ್ನಾಗಿ ಸಾಗಿಸುತ್ತದೆ, ಇನ್ನೊಂದು ರಂಧ್ರಗಳನ್ನು, ಅಂದರೆ ಇಲೆಕ್ಟ್ರಾನ್ ಇರಬೇಕಾದ ಖಾಲಿ ಜಾಗಗಳನ್ನು ಸಾಗಿಸುತ್ತದೆ. ಎರಡೂ ಪದರಗಳ ಗಡಿಯಲ್ಲಿ ಇಲೆಕ್ಟ್ರಾನು ರಂಧ್ರವನ್ನು ಕೂಡಿದಾಗ ಅಣುವೊಂದು ಉದ್ರೇಕಗೊಂಡು, ಮರಳಿ ಶಾಂತವಾಗುವಾಗ ಆ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಎಲ್ಲ ಪದರಗಳನ್ನೂ ಸೇರಿಸಿದರೆ ಬರುವ ದಪ್ಪ ಕೆಲವು ನೂರು ನ್ಯಾನೊಮೀಟರ್; ನಮ್ಮ ತಲೆಗೂದಲು ಅದಕ್ಕಿಂತ ನೂರಾರು ಪಟ್ಟು ದಪ್ಪ.

ಬೆಳಗುವ ಅಣುಗಳಲ್ಲೆಲ್ಲ ಹಟಮಾರಿಯೆಂದರೆ ನೀಲಿ. ಇಲೆಕ್ಟ್ರಾನು ರಂಧ್ರವನ್ನು ಕೂಡಿದಾಗ ಹುಟ್ಟುವ ನಾಲ್ಕು ಉದ್ರೇಕಗಳಲ್ಲಿ ಒಂದು ಮಾತ್ರ ಸಹಜವಾಗಿ ಬೆಳಕಾಗುತ್ತದೆ. ಉಳಿದ ಮೂರು ಶಾಖವಾಗಿ ವ್ಯರ್ಥವಾಗುತ್ತವೆ. ಇರಿಡಿಯಮ್ ಅಥವಾ ಪ್ಲಾಟಿನಮ್‌ನಂಥ ಭಾರ ಲೋಹದ ಪರಮಾಣುವನ್ನು ಅಣುವಿನೊಳಗೆ ಕೂರಿಸಿದರೆ ಆ ಮೂರನ್ನೂ ಬೆಳಕಾಗಿ ಪಡೆಯಬಹುದೆಂಬುದು 1998ರಿಂದೀಚೆಗೆ ತಿಳಿಯಿತು. ಕೆಂಪು ಮತ್ತು ಹಸಿರಿಗೆ ಈ ಉಪಾಯ ಫಲಿಸಿತು. ನೀಲಿಯ ಫೋಟಾನು, ಅಂದರೆ ಬೆಳಕಿನ ಕಣ, ಈ ಮೂರು ಬಣ್ಣಗಳಲ್ಲಿ ಅತಿ ಹೆಚ್ಚು ಶಕ್ತಿಯದು. ಅಣುವಿನೊಳಗಿನ ಕೆಲವು ಬಂಧಗಳನ್ನು ಮುರಿಯಲು ಬೇಕಾಗುವ ಶಕ್ತಿಗೆ ಅದು ಬಹಳ ಸಮೀಪದಲ್ಲಿದೆ. ಉದ್ರೇಕಗೊಂಡು ಹೆಚ್ಚು ಹೊತ್ತು ನಿಂತ ನೀಲಿ ಅಣು ತನ್ನನ್ನು ತಾನೇ ಒಡೆದುಕೊಳ್ಳುತ್ತದೆ. ಹೀಗಾಗಿ ಟಿ.ವಿ. ಪರದೆಗಳಲ್ಲಿ ನೀಲಿಯನ್ನು ಹೆಚ್ಚಾಗಿ ಹಳೆಯ, ದಕ್ಷತೆ ಕಡಿಮೆಯ ವಿಧಾನದಲ್ಲೇ ಬೆಳಗಿಸುತ್ತ ಬಂದಿದ್ದಾರೆ.

ದೊಡ್ಡ ಪರದೆಯನ್ನು ತಯಾರಿಸುವುದು ಇನ್ನೊಂದು ತೊಡಕಾಗಿತ್ತು. ಮೊಬೈಲ್ ಪರದೆಗೆ ಸೂಕ್ಷ್ಮ ತೂತುಗಳಿರುವ ಲೋಹದ ಹಾಳೆಯನ್ನು ಅಡ್ಡ ಹಿಡಿದು, ನಿರ್ವಾತದಲ್ಲಿ ಆವಿಯಾದ ಅಣುಗಳನ್ನು ಕೆಂಪು, ಹಸಿರು, ನೀಲಿ ಎಂದು ಬೇರೆಬೇರೆ ಜಾಗದಲ್ಲಿ ಕೂರಿಸುತ್ತಾರೆ, ಸಂಕ್ರಾಂತಿಯ ದಿನ ತೂತಿನ ಅಚ್ಚಿನಿಂದ ರಂಗೋಲಿ ಹಾಕಿದಂತೆ. ಎರಡು ಮೀಟರಿಗೂ ಅಗಲವಾದ ಗಾಜಿಗೆ ಅಂಥ ಹಾಳೆ ಹಿಡಿದರೆ ಅದು ನಡುವೆ ಜೋತುಬಿದ್ದು ಅಚ್ಚು ತಪ್ಪುತ್ತದೆ. ಸೋನಿ ಕಂಪನಿ 2007ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಓಲೆಡ್ ಟಿ.ವಿ. ಬರಿ 11 ಅಂಗುಲದ್ದಾಗಿತ್ತು. 55 ಅಂಗುಲದವು ಬರಲು 2013 ಆಯಿತು. ಎಲ್‌ಜಿ ಹಿಡಿದ ದಾರಿ ಸರಳವಾದದ್ದು: ಇಡೀ ಗಾಜಿನ ಮೇಲೆ ಬೇರೆಬೇರೆ ಬಣ್ಣದ ಪದರಗಳನ್ನು ಒಂದರ ಮೇಲೊಂದು ಹಾಸಿ ಎಲ್ಲ ಚುಕ್ಕಿಗಳೂ ಬಿಳಿಯಾಗಿ ಬೆಳಗುವಂತೆ ಮಾಡಿ, ಮೇಲೆ ಬಣ್ಣದ ಶೋಧಕಗಳನ್ನು ಇಟ್ಟರು; ಹೊಳಪು ಸಾಲದೆಂದು ಶೋಧಕವಿಲ್ಲದ ಬಿಳಿ ಉಪಚುಕ್ಕಿಯೊಂದನ್ನೂ ಸೇರಿಸಿದರು. ಇದಕ್ಕೆ ಡಬ್ಲ್ಯೂ-ಓಲೆಡ್ ಎಂದು ಹೆಸರು. ಸ್ಯಾಮ್‌ಸಂಗ್ 2022ರಲ್ಲಿ ತಂದ ಕ್ಯೂಡಿ-ಓಲೆಡ್‌ನಲ್ಲಿ ಮೂಲ ಬೆಳಕು ನೀಲಿ. ಅದರ ಒಂದು ಪಾಲನ್ನು ಕ್ವಾಂಟಮ್ ಡಾಟ್ ಎಂಬ ನ್ಯಾನೊಕಣಗಳು ನುಂಗಿ ಕೆಂಪು ಮತ್ತು ಹಸಿರಾಗಿ ಮರಳಿ ಬಿಡುತ್ತವೆ. ಈ ಕಣಗಳ ಶೋಧಕ್ಕೆ 2023ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಕೊಳ್ಳುವವರಿಗೆ ಈ ಎರಡು ಬಗೆಗಳ ವ್ಯತ್ಯಾಸ ಕಾಣುವುದು ಹಗಲಿನಲ್ಲಿ. ಡಬ್ಲ್ಯೂ-ಓಲೆಡ್ ಪರದೆಯ ಮುಂದೆ ವೃತ್ತೀಯ ಧ್ರುವೀಕಾರಕವೆಂಬ ಹಾಳೆಯಿರುತ್ತದೆ. ಕೋಣೆಯಿಂದ ಒಳಹೊಕ್ಕ ಬೆಳಕು ಹಿಂದಿನ ಲೋಹಕ್ಕೆ ತಾಗಿ ಮರಳದಂತೆ ಅದು ತಡೆಯುತ್ತದೆ. ಪರದೆ ತಾನೇ ಹೊಮ್ಮಿಸುವ ಬೆಳಕಿನಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಅದು ನುಂಗಿಹಾಕುವುದರಿಂದ ಕ್ಯೂಡಿ-ಓಲೆಡ್‌ನಲ್ಲಿ ಅದನ್ನು ಬಿಟ್ಟಿದ್ದಾರೆ. ಕ್ಯೂಡಿ-ಓಲೆಡ್‌ನಲ್ಲಿ ಬಣ್ಣಗಳು ಹೆಚ್ಚು ತುಂಬಿಕೊಂಡು ಕಾಣುತ್ತವೆ, ಆದರೆ ಆ ಹಾಳೆಯಿಲ್ಲದ್ದರಿಂದ ಬಾಲ್ಕನಿಯಿಂದ ಬಿಸಿಲು ಬರುವ ಕೋಣೆಯಲ್ಲಿ ಅದರ ಕಪ್ಪು ತುಸು ನೇರಳೆ ಬೆರೆತ ಬೂದಿಯಾಗುತ್ತದೆ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತಂದ ಕಪ್ಪು ಹಗಲಿಡೀ ಕಾಣದೆ ಹೋದರೆ ಏನು ಪ್ರಯೋಜನ? ಬನಶಂಕರಿಯ ನಮ್ಮ ಮನೆಯ ಹಾಲ್ ಪೂರ್ವಕ್ಕಿದೆ. ಬೆಳಗ್ಗೆ ಹತ್ತರವರೆಗೆ ಸೋಫಾದ ಹಿಂದಿನ ಕಿಟಕಿಯೇ ಪರದೆಯಲ್ಲಿ ಕೂತಿರುತ್ತದೆ. ಅಂಥ ಕೋಣೆಗೆ ದಪ್ಪ ಕರ್ಟನ್ ಹಾಕಿಸುವುದಕ್ಕೆ ಮನಸ್ಸಿಲ್ಲದವರು ಮಿನಿ-ಎಲ್‌ಇಡಿ ಎಂಬ ಸುಧಾರಿತ ಎಲ್‌ಸಿಡಿಯನ್ನು ಕೊಳ್ಳುವುದೇ ವಿವೇಕವೆಂದು ನನ್ನ ಅಭಿಪ್ರಾಯ.

ಪ್ರಕಾಶದ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. ಡಬ್ಬಿಯ ಮೇಲಿನ ನಿಟ್‌ಗಳ, ಅಂದರೆ ಪ್ರಕಾಶವನ್ನು ಅಳೆಯುವ ಮಾನದ, ಲೆಕ್ಕ ಸಾಮಾನ್ಯವಾಗಿ ಪರದೆಯ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಚಿಕ್ಕ ತುಣುಕು ಮಾತ್ರ ಬೆಳಗಿದಾಗಿನದು. 1,000 ನಿಟ್ ದಾಟುವ ಓಲೆಡ್ ಸೆಟ್ಟು, ಇಡೀ ಪರದೆ ಬಿಳಿಯಾದಾಗ ಬಿಸಿ ಮತ್ತು ವಿದ್ಯುತ್ತನ್ನು ಹದ್ದುಬಸ್ತಿನಲ್ಲಿಡಲು 200–300 ನಿಟ್‌ಗೆ ಇಳಿಯುವುದು ಸಾಮಾನ್ಯ. ಕತ್ತಲಲ್ಲಿ ಮಿನುಗುವ ಹಣತೆ ಕಣ್ಣು ಕೋರೈಸುತ್ತದೆ, ಮಟಮಟ ಮಧ್ಯಾಹ್ನದ ಚಿನ್ನಸ್ವಾಮಿ ಮೈದಾನ ಮಂಕಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹೂವಿನ ವಿಡಿಯೊ ನಿಲ್ಲಿಸಿ ಕ್ರಿಕೆಟ್ ಪಂದ್ಯ ಹಾಕಿಸಿ ನೋಡಿ. ಚಿತ್ರದ ಮೋಡನ್ನು 'ವಿವಿಡ್'ನಿಂದ 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್'ಗೆ ಬದಲಿಸಲು ಹೇಳಿ. ಮಾರುವವರಿಗೆ ಇದು ಅಷ್ಟಾಗಿ ಇಷ್ಟವಾಗುವುದಿಲ್ಲ. ಹಾಗೆಯೇ ಕ್ಯೂಎಲ್‌ಇಡಿ ಎಂಬ ಹೆಸರು ಕಂಡು ಓಲೆಡ್ ಎಂದುಕೊಳ್ಳಬೇಡಿ. ಅದು ಕ್ವಾಂಟಮ್ ಡಾಟ್ ಹಾಳೆಯಿರುವ ಎಲ್‌ಸಿಡಿ, ಹಿಂದೆ ದೀಪ ಉರಿಯುತ್ತಲೇ ಇರುತ್ತದೆ.

ಗಾತ್ರದ ವಿಷಯ ಲೆಕ್ಕಕ್ಕೆ ಸಿಗುವಂಥದ್ದು. ಸಿನಿಮಾ ನೋಡುವಾಗ ಪರದೆ ಕಣ್ಣಿಗೆ ಸುಮಾರು 30 ಡಿಗ್ರಿ ಅಗಲಕ್ಕೆ ಕಾಣಬೇಕೆಂಬುದು ಬಹುಕಾಲದ ರೂಢಿ. ಏಳೂವರೆ ಅಡಿ ದೂರದಿಂದ 55 ಅಂಗುಲದ ಸೆಟ್ಟು, ಒಂಬತ್ತು ಅಡಿಯಿಂದ 65 ಅಂಗುಲದ ಸೆಟ್ಟು ಹೆಚ್ಚುಕಡಿಮೆ ಅಷ್ಟೇ ಅಗಲಕ್ಕೆ ಕಾಣುತ್ತವೆ. ಇನ್ನು ಸೂಕ್ಷ್ಮತೆ: ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲದು. 55 ಅಂಗುಲದ 4ಕೆ ಪರದೆಯ ಒಂದು ಚುಕ್ಕಿ 0.32 ಮಿಲಿಮೀಟರ್ ಅಗಲ. ಮೂರೂವರೆ ಅಡಿಗಿಂತ ದೂರ ಕೂತವರಿಗೆ ಪಕ್ಕಪಕ್ಕದ ಎರಡು ಚುಕ್ಕಿಗಳು ಬೇರೆಯಾಗಿ ಕಾಣುವುದೇ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ಗಳಿಗೆ ಇನ್ನೂ ಸಣ್ಣ ಚುಕ್ಕಿಗಳ 8ಕೆ ಎಂಬುದು ದಂಡದ ಖರ್ಚು ಎಂದು ನಿರ್ಭಯವಾಗಿ ಹೇಳಬಹುದು.

ಓಲೆಡ್ ಕೆಟ್ಟ ಚಿತ್ರವನ್ನು ಮುಚ್ಚಿಡುವುದಿಲ್ಲ. ಅದರ ಚುಕ್ಕಿ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬದಲಾಗುತ್ತದೆ. ಆಟಕ್ಕೂ ಗೇಮಿಂಗಿಗೂ ಇದು ವರವೇ ಸರಿ, ಆದರೆ ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾದಲ್ಲಿ ಕ್ಯಾಮೆರಾ ನಿಧಾನವಾಗಿ ಅಡ್ಡ ಚಲಿಸುವಾಗ ಪ್ರತಿ ಚೌಕಟ್ಟೂ ನಿಂತು ಜಿಗಿದಂತೆ ಕಾಣುತ್ತದೆ. ಎಲ್‌ಸಿಡಿಯ ಸೋಮಾರಿತನ ಇದನ್ನು ಅಳಿಸಿಹಾಕುತ್ತಿತ್ತು. ಕೇಬಲ್ ವಾಹಿನಿಗಳ ಹಿಂಡಿದ ಸಂಕೇತದಲ್ಲಿ ಕತ್ತಲ ದೃಶ್ಯಗಳು ಚೌಕಚೌಕವಾಗಿ ಒಡೆದಿರುವುದೂ ಇಲ್ಲಿ ಢಾಳಾಗಿ ಕಾಣುತ್ತದೆ. ಮನೆಯಲ್ಲಿ ಹೆಚ್ಚು ನೋಡುವುದು ಸೆಟ್ ಟಾಪ್ ಬಾಕ್ಸಿನ ಎಸ್‌ಡಿ ವಾಹಿನಿಗಳಾದರೆ ಓಲೆಡ್‌ಗೆ ಹಾಕಿದ ದುಡ್ಡು ವ್ಯರ್ಥ.

ಕೊನೆಗೆ ಎಲ್ಲರೂ ಕೇಳುವ ಬರ್ನ್-ಇನ್. ಇಲ್ಲಿ ಏನೂ ಸುಡುವುದಿಲ್ಲ. ಹೆಚ್ಚು ಉರಿದ ಚುಕ್ಕಿ ಹೆಚ್ಚು ಸವೆಯುತ್ತದೆ, ಅಷ್ಟೆ. ಸುದ್ದಿವಾಹಿನಿಯ ಲಾಂಛನ ಮತ್ತು ಕೆಳಗಿನ ಕೆಂಪು ಪಟ್ಟಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದರೆ ಅಲ್ಲಿನ ಚುಕ್ಕಿಗಳು ಸುತ್ತಲಿನವುಗಳಿಗಿಂತ ಮೊದಲು ಮುಪ್ಪಾಗುತ್ತವೆ. ವಾಹಿನಿ ಬದಲಿಸಿದರೂ ಅದರ ನೆರಳು ಉಳಿಯುತ್ತದೆ. ದಿನಕ್ಕೆ ಮೂರು ನಾಲ್ಕು ಗಂಟೆ ಬಗೆಬಗೆಯ ಕಾರ್ಯಕ್ರಮ ನೋಡುವ ಮನೆಯವರು ಇದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ. ಹಗಲಿಡೀ ಸುದ್ದಿ ಹಚ್ಚಿಟ್ಟು ಪಕ್ಕದಲ್ಲಿ ಬೇರೆ ಕೆಲಸ ಮಾಡುವ ಅಜ್ಜನಿರುವ ಮನೆಗೆ ಮಾತ್ರ ನಾನು ಎಲ್‌ಸಿಡಿಯನ್ನೇ ಹೇಳುತ್ತೇನೆ. ವಾರಂಟಿಯಲ್ಲಿ ಬರ್ನ್-ಇನ್ ಸೇರಿದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಕೇಳದೆ ಬರಹದಲ್ಲಿ ಓದಿ ನೋಡಬೇಕು. ಬಹಳ ಕಡೆ ಸೇರಿರುವುದಿಲ್ಲ.

ಸವೆತವನ್ನು ಸರಿತೂಗಿಸುವ ಏರ್ಪಾಡು ಸೆಟ್ಟಿನೊಳಗೇ ಇದೆ. ಒಟ್ಟು ನಾಲ್ಕು ಗಂಟೆಯಷ್ಟು ಬಳಸಿದ ಬಳಿಕ ರಿಮೋಟಿನಿಂದ ಆರಿಸಿದಾಗ, ಪರದೆ ಕಪ್ಪಾಗಿದ್ದರೂ ಅದು ಒಳಗೊಳಗೇ ಉಪಚುಕ್ಕಿಗಳ ಸ್ಥಿತಿಯನ್ನು ಅಳೆದು, ಸೋತವುಗಳಿಗೆ ಎಷ್ಟು ಹೆಚ್ಚು ವಿದ್ಯುತ್ ಕೊಡಬೇಕೆಂದು ಗುರುತಿಸಿಕೊಳ್ಳುತ್ತದೆ. ಇದು ನಡೆಯಬೇಕಾದರೆ ಗೋಡೆಯ ಸ್ವಿಚ್ಚು ಆನ್ ಆಗಿರಬೇಕು. ಮಲಗುವ ಮುನ್ನ ಗ್ಯಾಸು, ಗೀಸರು, ಟಿ.ವಿ. ಎಲ್ಲದರ ಸ್ವಿಚ್ಚನ್ನೂ ಆರಿಸಿ ಬಾಗಿಲ ಚಿಲಕ ಹಾಕುವುದು ನಮ್ಮಮ್ಮನ ನಲವತ್ತು ವರ್ಷಗಳ ಶಿಸ್ತು. ಮೇ ತಿಂಗಳ ಗುಡುಗು-ಸಿಡಿಲಿನ ಸಂಜೆ ಪ್ಲಗ್ಗನ್ನೇ ಕಿತ್ತಿಡುವುದು ಒಳ್ಳೆಯದು, ಅದಕ್ಕೆ ನನ್ನದೂ ಒಪ್ಪಿಗೆ. ಉಳಿದ ದಿನಗಳಿಗಾಗಿ ಆ ಒಂದು ಸ್ವಿಚ್ಚಿನ ಮೇಲೆ ಬಿಳಿ ಟೇಪು ಅಂಟಿಸಿ 'ಆರಿಸಬೇಡಿ' ಎಂದು ಬರೆದಿದ್ದೇನೆ. ಅಮ್ಮ ಅದನ್ನು ಇನ್ನೂ ಪೂರ್ತಿ ಒಪ್ಪಿಲ್ಲ.