ಕೆಟ್ಟ ಹೊಡೆತಕ್ಕೆ ಒಂದು, ಸಿಟ್ಟಿಗೆ ಮೂರು

1987ರ ರೈಡರ್ ಕಪ್, ಅಂದರೆ ಅಮೆರಿಕ ಮತ್ತು ಯುರೋಪ್ ತಂಡಗಳ ಗಾಲ್ಫ್ ಸ್ಪರ್ಧೆ. ಅಮೆರಿಕದ ಮ್ಯೂರ್‌ಫೀಲ್ಡ್ ವಿಲೇಜ್‌ನಲ್ಲಿ ಕೊನೆಯ ದಿನದ ಸಿಂಗಲ್ಸ್ ಪಂದ್ಯಗಳು. ಆರನೇ ಹೋಲ್ ಮುಗಿಸಿದ ಅಮೆರಿಕದ ಬೆನ್ ಕ್ರೆನ್‌ಶಾ ಸಿಟ್ಟಿನಲ್ಲಿ ಪಟರನ್ನು, ಅಂದರೆ ಚೆಂಡನ್ನು ಕುಳಿಯೊಳಗೆ ಉರುಳಿಸುವ ಕ್ಲಬ್ಬನ್ನು, ಬಡಿದರು. ಅದು ಮುರಿದೇ ಹೋಯಿತು. ಸಿಟ್ಟಿನಲ್ಲಿ ಮುರಿದುಕೊಂಡ ಕ್ಲಬ್‌ಗೆ ಬದಲಿ ಸಿಗುವುದಿಲ್ಲ. ಆಗಿನ ಕಾಲದ ಅತ್ಯುತ್ತಮ ಪಟರ್‌ಗಾರರಲ್ಲಿ ಒಬ್ಬರು ಉಳಿದ ಹೋಲ್‌ಗಳನ್ನೆಲ್ಲ ದೂರ ಹೊಡೆಯುವ ಒಂದನೇ ನಂಬರ್ ಐರನ್‌ನಲ್ಲಿ, ಮರಳಿನಿಂದ ಚೆಂಡು ಎತ್ತುವ ಸ್ಯಾಂಡ್ ವೆಡ್ಜ್‌ನ ಅಂಚಿನಲ್ಲಿ ಪಟ್ ಮಾಡುತ್ತಾ ಆಡಬೇಕಾಯಿತು. ಆದರೂ 18ನೇ ಹೋಲ್‌ವರೆಗೆ ಪಂದ್ಯ ಎಳೆದು, ಐಮನ್ ಡಾರ್ಸಿ ಎದುರು ಒಂದೇ ಒಂದು ಹೋಲ್‌ನಿಂದ ಸೋತರು. ಯುರೋಪ್ ತಂಡ 15-13ರಿಂದ ಕಪ್ ಗೆದ್ದಿತು. ಅಮೆರಿಕ ತನ್ನ ನೆಲದಲ್ಲಿ ರೈಡರ್ ಕಪ್ ಸೋತದ್ದು ಅದೇ ಮೊದಲು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುವ ಗಾದೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಅಂದಹಾಗೆ, ಕ್ರೆನ್‌ಶಾ ಅವರ ಅಡ್ಡಹೆಸರು ‘ಜಂಟಲ್ ಬೆನ್’!

ನಾನು ಕ್ರೀಡಾ ಮನಶ್ಶಾಸ್ತ್ರಜ್ಞ. ನನ್ನ ಹತ್ತಿರ ಬರುವವರಲ್ಲಿ ಗಾಲ್ಫ್ ಆಡುವವರು ಜಾಸ್ತಿ. ಬಹಳಷ್ಟು ಮಂದಿಯ ದೂರು ಒಂದೇ: "ಸಾರ್, ಸಿಟ್ಟು ಬಂದ ತಕ್ಷಣ ನನ್ನ ಸ್ವಿಂಗ್ ಹೋಗ್ಬಿಡುತ್ತೆ." ನಾನು ಆಗ ಸ್ಕೋರ್‌ಕಾರ್ಡ್ ಕೇಳುತ್ತೇನೆ. ಕೆಟ್ಟು ಹೋದ ಒಂದು ಹೋಲನ್ನು ಆರಿಸಿ, ಒಂದೊಂದೇ ಹೊಡೆತವಾಗಿ ಹೇಳಿಸುತ್ತೇನೆ. ಹಾಗೆ ಬಿಡಿಸಿ ನೋಡಿದಾಗ ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ, ಹಾಳಾಗಿರುವುದು ಆಮೇಲಿನ ಮಾತು. ಅದಕ್ಕೂ ಮೊದಲು ಕೈಗೆ ತೆಗೆದುಕೊಂಡ ಕ್ಲಬ್ಬೇ ತಪ್ಪಾಗಿರುತ್ತದೆ.

ಒಂದು ಹೋಲ್ ನೋಡೋಣ. ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು. ಮೊದಲ ಹೊಡೆತ, ಅಂದರೆ ಡ್ರೈವ್, ಬಲಕ್ಕೆ ತಿರುಗಿ (ಸ್ಲೈಸ್ ಆಗಿ) ಮರಗಳ ನಡುವೆ ಹೋಯಿತು. ಚೆಂಡು ಸಿಕ್ಕಿದೆ. ಕುಳಿ ಇರುವ ನುಣುಪು ಹುಲ್ಲಿನ ಗ್ರೀನ್‌ಗೆ ಇನ್ನೂ 160 ಗಜ. ಎದುರಿಗೆ ಎರಡು ಮರಗಳ ಮಧ್ಯೆ ಒಂದು ಕಿಂಡಿ. ಪಕ್ಕದಲ್ಲಿ ಹುಲ್ಲು ಕತ್ತರಿಸಿದ ದಾರಿ, ಫೇರ್‌ವೇ, ಆರಾಮಾಗಿ ಕಾಣುತ್ತಿದೆ. ತಣ್ಣಗಿರುವ ಆಟಗಾರ ಚೆಂಡನ್ನು ಪಕ್ಕಕ್ಕೆ ತಳ್ಳಿ ಫೇರ್‌ವೇಗೆ ತರುತ್ತಾನೆ, ಅಲ್ಲಿಂದ ಗ್ರೀನ್ ಸೇರುತ್ತಾನೆ, ಎರಡು ಪಟ್. ಒಟ್ಟು 5. ಬೋಗಿ, ಅಂದರೆ ಪಾರ್‌ಗಿಂತ ಒಂದು ಜಾಸ್ತಿ. ಸ್ಲೈಸ್‌ನಿಂದ ಆದ ನಷ್ಟ ಒಂದು ಹೊಡೆತ.

ಸಿಟ್ಟಾದವನಿಗೆ ಆ ಕಿಂಡಿ ಹೆಬ್ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಐದನೇ ನಂಬರ್ ಐರನ್ ಎಳೆಯುತ್ತಾನೆ. ಚೆಂಡು ಮರಕ್ಕೆ ಬಡಿದು ಇನ್ನೂ ಒಳಗೆ ಹೋಗುತ್ತದೆ. ಈಗ ಬೇರೆ ದಾರಿ ಇಲ್ಲದೆ ಹೊರಕ್ಕೆ ತಳ್ಳುತ್ತಾನೆ, ಆದರೆ ಆ ಹೊಡೆತದಲ್ಲೂ ಕೋಪ ಇದೆ. ಚೆಂಡು ಫೇರ್‌ವೇ ದಾಟಿ ಆಚೆ ಕಡೆಯ ಉದ್ದ ಹುಲ್ಲಿನಲ್ಲಿ, ರಫ್‌ನಲ್ಲಿ, ನಿಲ್ಲುತ್ತದೆ. ಅಲ್ಲಿಂದ ಮೈಯೆಲ್ಲ ಶಕ್ತಿ ಹಾಕಿ ಹೊಡೆದದ್ದು ಮರಳಿನ ಗುಂಡಿಗೆ, ಬಂಕರ್‌ಗೆ. ಬಂಕರ್‌ನಿಂದ ಗ್ರೀನ್‌ಗೆ. ಮೊದಲ ಪಟ್ ರಭಸಕ್ಕೆ ಹೋಲ್ ದಾಟಿ ಹೋಯಿತು, ವಾಪಸ್ ಬರುವ ಪಟ್ ತಪ್ಪಿತು, ಮೂರನೆಯದು ಒಳಗೆ. ಲೆಕ್ಕ ಹಾಕಿ: 8. ಕೆಟ್ಟ ಡ್ರೈವ್‌ಗೆ ಕೊಟ್ಟದ್ದು ಒಂದು ಹೊಡೆತ, ಸಿಟ್ಟಿಗೆ ಕೊಟ್ಟದ್ದು ಮೂರು.

ಕಿಂಡಿ ದೊಡ್ಡದಾಗಿ ಕಾಣುತ್ತದೆ ಅಂದೆನಲ್ಲ, ಅದು ಬರೀ ತಮಾಷೆಯ ಮಾತಲ್ಲ. ಜೆನಿಫರ್ ಲರ್ನರ್ ಮತ್ತು ಡಾಕರ್ ಕೆಲ್ಟ್ನರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಸಂಶೋಧನೆ ಇದೆ. ಹೆದರಿದ ಮನುಷ್ಯ ಅಪಾಯವನ್ನು ಇರುವುದಕ್ಕಿಂತ ಜಾಸ್ತಿ ಅಂದುಕೊಳ್ಳುತ್ತಾನೆ, ಸಿಟ್ಟಾದವನು ಕಡಿಮೆ ಅಂದುಕೊಳ್ಳುತ್ತಾನೆ ಅನ್ನುವುದು ಅದರ ತಿರುಳು. ಸಿಟ್ಟು ಬಂದಾಗ ಗೆಲುವಿನ ಅಂದಾಜು ಏರುತ್ತದೆ. 'ಇದು ನನ್ನ ಕೈಲಿದೆ' ಅನ್ನಿಸುತ್ತದೆ. ಗಾಲ್ಫ್‌ನಲ್ಲಿ ಇದು ಬಹಳ ದುಬಾರಿ, ಯಾಕೆಂದರೆ ಪ್ರತಿ ಹೊಡೆತಕ್ಕೂ ಮೊದಲು ಒಂದು ಅಂದಾಜು ಹಾಕಲೇಬೇಕು. ನೀರು ದಾಟುತ್ತದಾ, ಗಾಳಿ ಎಷ್ಟಿದೆ, ಯಾವ ಕ್ಲಬ್.

ಸ್ವಿಂಗ್ ಮೇಲೂ ಪರಿಣಾಮ ಇದೆ, ಇಲ್ಲ ಅನ್ನುವುದಿಲ್ಲ. ಅಡ್ರಿನಲಿನ್ ಏರಿದಾಗ ಎದೆಬಡಿತ ಜೋರಾಗುತ್ತದೆ, ಹಿಡಿತ ಬಿಗಿಯಾಗುತ್ತದೆ, ಹೆಗಲು ಕಿವಿಯ ಕಡೆ ಏರುತ್ತದೆ. ಕ್ಲಬ್ ಹಿಂದಕ್ಕೆ ಹೋಗುವಾಗಲೇ ಅವಸರ. ಫುಟ್‌ಬಾಲ್ ಆಡುವವನು ಇದೇ ಬಿಸಿಯಲ್ಲಿ ಇನ್ನೊಂದು ಓಟ ಓಡಿ ಮುಗಿಸುತ್ತಾನೆ. ಗಾಲ್ಫ್ ಆಟಗಾರ ಎಲ್ಲಿಗೆ ಓಡಬೇಕು? ಒಂದು ಸ್ವಿಂಗ್‌ಗೆ ಎರಡು ಸೆಕೆಂಡೂ ಬೇಡ. 90 ಹೊಡೆತ ಅಂದರೂ ನಿಜವಾಗಿ ಕ್ಲಬ್ ಬೀಸುವುದು ಮೂರು ನಿಮಿಷದೊಳಗೆ ಮುಗಿಯಿತು. ಒಂದು ರೌಂಡ್‌ಗೆ ನಾಲ್ಕು ಗಂಟೆ ಬೇಕು. ಉಳಿದ ಹೊತ್ತೆಲ್ಲ ನಡೆಯುವುದು, ಕಾಯುವುದು, ಯೋಚಿಸುವುದು. ಚೆಂಡು ಸುಮ್ನೆ ನಿಂತಿರುತ್ತದೆ, ಎದುರಾಳಿ ಅದನ್ನು ಮುಟ್ಟುವುದಿಲ್ಲ, ಬೈಯಲು ಅಂಪೈರ್ ಕೂಡ ಇಲ್ಲ. ಸಿಟ್ಟು ಬೆಳೆಯಲು ಇದಕ್ಕಿಂತ ಹದವಾದ ಜಾಗ ಬೇಕಾ?

ದೊಡ್ಡ ಆಟಗಾರರೂ ಇದರಿಂದ ಪಾರಾದವರಲ್ಲ. 1921ರಲ್ಲಿ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನಲ್ಲಿ ಹತ್ತೊಂಬತ್ತರ ಹರೆಯದ ಅಮೆರಿಕದ ಬಾಬಿ ಜೋನ್ಸ್ ಮೂರನೇ ಸುತ್ತಿನ 11ನೇ ಹೋಲ್‌ನಲ್ಲಿ ಬಂಕರ್‌ಗೆ ಸಿಕ್ಕಿ, ತಲೆ ಕೆಟ್ಟು, ಸ್ಪರ್ಧೆಯನ್ನೇ ಕೈಬಿಟ್ಟರು. ಅದೇ ಮೈದಾನದಲ್ಲಿ 1927ರಲ್ಲಿ ಓಪನ್ ಗೆದ್ದರು. 1930ರಲ್ಲಿ ಅಮೆರಿಕದಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಮುಗಿಸಿದರು, ಅಂದರೆ ಒಂದೇ ವರ್ಷ ನಾಲ್ಕು ದೊಡ್ಡ ಸ್ಪರ್ಧೆಗಳನ್ನು ಗೆದ್ದರು. ಸಿಟ್ಟು ಹುಟ್ಟುಗುಣ, ಏನೂ ಮಾಡಕ್ಕಾಗಲ್ಲ ಅನ್ನುವವರಿಗೆ ನಾನು ಜೋನ್ಸ್ ಕಥೆ ಹೇಳುತ್ತೇನೆ. ಇನ್ನೊಂದು ಕಡೆ, 2018ರ ಯುಎಸ್ ಓಪನ್‌ನಲ್ಲಿ ಫಿಲ್ ಮಿಕಲ್‌ಸನ್ ಗ್ರೀನ್‌ನಿಂದ ಇಳಿದು ಹೋಗುತ್ತಿದ್ದ ಚೆಂಡಿನ ಹಿಂದೆ ಓಡಿ, ಅದು ಉರುಳುತ್ತಿರುವಾಗಲೇ ವಾಪಸ್ ಹೊಡೆದರು. ಎರಡು ಹೊಡೆತದ ದಂಡ ಬಿತ್ತು, ಆ ಹೋಲ್‌ಗೆ 10. ಆಗ ಅವರ ವಯಸ್ಸು 48. ಅನುಭವ ಬಂದ ಮಾತ್ರಕ್ಕೆ ಸಿಟ್ಟು ಹೋಗುವುದಿಲ್ಲ ಅನ್ನುವುದಕ್ಕೂ ಸಾಕ್ಷಿ ಸಿಕ್ಕಿತು.

ಹಾಗಾದರೆ ಸಿಟ್ಟನ್ನು ಹೊರಗೆ ಹಾಕಿದರೆ ಒಳ್ಳೇದಲ್ವಾ, ಒಂದು ಸಲ ಬ್ಯಾಗಿಗೆ ಒದ್ದುಬಿಟ್ಟರೆ ಹಗುರಾಗುತ್ತದಲ್ವಾ ಅಂತ ಕೇಳುತ್ತಾರೆ. ಇಲ್ಲ. ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮಗೆ ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರ ಸಿಟ್ಟಿಗಿಂತ ಜಾಸ್ತಿ ಇತ್ತು. 2024ರಲ್ಲಿ 154 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಇನ್ನೊಂದು ವರದಿಯೂ ಅದನ್ನೇ ಹೇಳಿತು: ಮೈಯನ್ನು ತಣಿಸುವ ಕೆಲಸಗಳು ಸಿಟ್ಟು ಇಳಿಸುತ್ತವೆ, ಮೈ ಬಿಸಿ ಮಾಡುವ ಕೆಲಸಗಳಿಂದ ಅಷ್ಟು ಉಪಯೋಗವಿಲ್ಲ. ಹಾಗಂತ ಹಲ್ಲು ಕಚ್ಚಿ ನುಂಗಿಕೊಳ್ಳುವುದೂ ಪರಿಹಾರವಲ್ಲ. ಮುಖ ಗಂಟಿಕ್ಕದೆ ಒಳಗೆ ಕುದಿಯುವವನ ಎದೆಬಡಿತ ಇಳಿದಿರುವುದಿಲ್ಲ. ಬ್ಯಾಗ್ ಹೊತ್ತು ಜೊತೆಗೆ ನಡೆಯುವ ಕ್ಯಾಡಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಹೇಳಿಕೊಡುವುದು ಇಷ್ಟು. ಸಿಟ್ಟು ಬರಲಿ, ಆದರೆ ಅದಕ್ಕೊಂದು ಗಡುವು ಇರಲಿ. ಹೊಡೆದ ಕ್ಲಬ್ ಬ್ಯಾಗಿನೊಳಗೆ ಹೋಗುವವರೆಗೆ ನೀವು ಸಿಟ್ಟಾಗಿರಬಹುದು. ಮನಸ್ಸಿನಲ್ಲಿ ಏನು ಬೇಕಾದರೂ ಬೈದುಕೊಳ್ಳಿ. ಕ್ಲಬ್ಬನ್ನು ಒರೆಸಿ. ಅವಸರ ಬೇಡ, ಕ್ಲಬ್ಬಿನ ಚೆಂಡಿಗೆ ತಾಗುವ ಮುಖ, ಹಿಡಿಕೆ ಎರಡನ್ನೂ ಒರೆಸಿ. ಬ್ಯಾಗಿಗೆ ಇಳಿಸಿ. ಅಲ್ಲಿಗೆ ಆ ಹೊಡೆತ ಮುಗಿಯಿತು. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸಬಹುದು, ಆದರೆ ಕೈಗೆ ಒಂದು ನಿಧಾನದ ಕೆಲಸ ಸಿಕ್ಕಾಗ ಹಿಡಿತ ತಾನಾಗಿಯೇ ಸಡಿಲವಾಗುತ್ತದೆ. ಆಮೇಲೆ ನಡೆಯುವಾಗ ಉಸಿರು: ಮೂರು ಹೆಜ್ಜೆಗೆ ಒಳಗೆ, ಆರು ಹೆಜ್ಜೆಗೆ ಹೊರಗೆ. ಹೊರಗೆ ಬಿಡುವುದು ಉದ್ದವಾಗಿರಬೇಕು, ಎದೆಬಡಿತ ಇಳಿಯುವುದು ಉಸಿರು ಬಿಡುವಾಗ. ಗಾಡಿಯಲ್ಲಿ ಹೋಗುವವರು ಸಾಧ್ಯವಾದರೆ ಕೆಟ್ಟ ಹೊಡೆತದ ನಂತರ ಇಳಿದು ನಡೆಯಿರಿ. ಗಾಡಿ ನಿಮ್ಮನ್ನು ಸಿಟ್ಟು ಇಳಿಯುವ ಮೊದಲೇ ಚೆಂಡಿನ ಹತ್ತಿರ ಬಿಟ್ಟುಬಿಡುತ್ತದೆ.

ಮುಖ್ಯವಾದದ್ದು ಚೆಂಡಿನ ಹತ್ತಿರ ತಲುಪಿದ ಮೇಲೆ. ಕ್ಲಬ್ ಎಳೆಯುವ ಮೊದಲು ಒಂದು ಪ್ರಶ್ನೆ: 'ಇದು ಬೇರೆಯವರ ಚೆಂಡಾಗಿದ್ದರೆ, ನಾನು ಅವರ ಕ್ಯಾಡಿಯಾಗಿದ್ದರೆ, ಯಾವ ಕ್ಲಬ್ ಕೊಡುತ್ತಿದ್ದೆ?' ಆ ಮರದ ಕಿಂಡಿಯ ಹತ್ತಿರ ಈ ಪ್ರಶ್ನೆ ಕೇಳಿಕೊಂಡವರು ಐದನೇ ಐರನ್ ಅನ್ನುವುದು ಅಪರೂಪ. ಇನ್ನೂ ಒಳ್ಳೆಯ ದಾರಿ, ಹೋಲ್ ಶುರುವಾಗುವ ಜಾಗಕ್ಕೆ, ಟೀಗೆ, ಹೋಗುವ ಮೊದಲೇ ತೀರ್ಮಾನ ಮಾಡಿಕೊಳ್ಳುವುದು. 'ಮರದೊಳಗೆ ಹೋದರೆ ಹತ್ತಿರದ ಫೇರ್‌ವೇಗೆ ಒಂದೇ ಹೊಡೆತದಲ್ಲಿ ಬರುತ್ತೇನೆ, ಮಾತೇ ಇಲ್ಲ.' ತಲೆ ತಣ್ಣಗಿದ್ದಾಗ ಮಾಡಿದ ನಿಯಮ ತಲೆ ಬಿಸಿಯಾದಾಗ ಕೆಲಸಕ್ಕೆ ಬರುತ್ತದೆ. ಸ್ಕೋರ್‌ಕಾರ್ಡ್‌ನ ಮೂಲೆಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೇದು.

ಸಿಟ್ಟಿನ ಬೇರು ಬಹಳ ಸಲ ನಿರೀಕ್ಷೆಯಲ್ಲಿ ಇರುತ್ತದೆ. ಎಂಟು ಅಡಿಯ ಪಟ್ ತಪ್ಪಿದ್ದಕ್ಕೆ ಒಬ್ಬರು ಪಟರನ್ನು ಹುಲ್ಲಿಗೆ ಕುಕ್ಕುತ್ತಾರೆ. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನ ಆಟಗಾರರು ಎಂಟು ಅಡಿಯಿಂದ ಹಾಕುವುದು ಸುಮಾರು ಅರ್ಧ ಮಾತ್ರ. ಇಪ್ಪತ್ತು ಅಡಿಯಿಂದ ನೂರಕ್ಕೆ ಹದಿನೈದರ ಆಸುಪಾಸು. ಅದೇ ಅವರ ಹೊಟ್ಟೆಪಾಡು, ಅದಕ್ಕೇ ದಿನವಿಡೀ ಅಭ್ಯಾಸ, ಆದರೂ ಲೆಕ್ಕ ಇಷ್ಟೇ. ವಾರಕ್ಕೊಮ್ಮೆ ಆಡುವ ನಾವು ಎಂಟು ಅಡಿಯದ್ದು ತಪ್ಪಿದರೆ ಅನ್ಯಾಯ ಆಯಿತು ಅನ್ನುವ ಹಾಗೆ ಮುಖ ಮಾಡುತ್ತೇವೆ. ಟಿವಿ ಇದಕ್ಕೆ ಸ್ವಲ್ಪ ಕಾರಣ. ಅದು ತೋರಿಸುವುದು ಮುಂದಿರುವವರನ್ನು, ಅವರ ಒಳ್ಳೆಯ ದಿನದಲ್ಲಿ.

ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೂ ಒಂದು ಸಮಾಧಾನ ಇದೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಒಂದು ಹೋಲ್‌ಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಗರಿಷ್ಠ ಸ್ಕೋರ್ ನೆಟ್ ಡಬಲ್ ಬೋಗಿ, ಅಂದರೆ ಪಾರ್‌ಗೆ ಎರಡು ಹೊಡೆತ, ಜೊತೆಗೆ ಆ ಹೋಲ್‌ನ ನಿಮ್ಮ ರಿಯಾಯಿತಿ. ಪಾರ್ 4ರಲ್ಲಿ ನಿಮಗೆ ಒಂದು ಹೊಡೆತದ ರಿಯಾಯಿತಿ ಇದ್ದರೆ, ನೀವು 9 ಹೊಡೆದರೂ ಹ್ಯಾಂಡಿಕ್ಯಾಪ್‌ಗೆ ಹೋಗುವುದು 7. ಅಷ್ಟೇ ಅಲ್ಲ, ಕೊನೆಯ 20 ಸ್ಕೋರ್‌ಗಳಲ್ಲಿ ಒಳ್ಳೆಯ 8ರ ಸರಾಸರಿಯನ್ನು ಮಾತ್ರ ನೋಡುತ್ತಾರೆ. ಅಂದರೆ ಇಪ್ಪತ್ತರಲ್ಲಿ ಹನ್ನೆರಡು ರೌಂಡ್ ಕೆಡುತ್ತವೆ ಅನ್ನುವುದನ್ನು ಪದ್ಧತಿಯೇ ಒಪ್ಪಿಕೊಂಡಿದೆ. ನೀವೂ ಒಪ್ಪಿಕೊಳ್ಳಿ.

ನಿಮ್ಮ ಮುಂದೆ ಆಡುತ್ತಿರುವ ಗುಂಪು ನಿಧಾನ ಅಂತ ಬರುವ ಸಿಟ್ಟು ಬೇರೆ ಜಾತಿಯದು. ಅದಕ್ಕೆ ನಿಮ್ಮ ಹೊಡೆತ ಕಾರಣವಲ್ಲ, ಆದರೆ ಬೆಲೆ ನಿಮ್ಮ ಹೊಡೆತವೇ ಕೊಡುತ್ತದೆ. ಕಾಯುವಾಗ ಚೆಂಡಿನ ಮುಂದೆ ನಿಂತು ಗುರಾಯಿಸಬೇಡಿ. ಆಚೆ ಹೋಗಿ, ಮಾತಾಡಿ, ನೀರು ಕುಡಿಯಿರಿ. ನಿಮ್ಮ ಸರದಿ ಬಂದಾಗಷ್ಟೇ ಗಮನ ಕೊಡಿ.

ಸಿಟ್ಟಿಗೆ ನಿಯಮ ಪುಸ್ತಕದಲ್ಲೂ ಜಾಗ ಇದೆ. ಈಗಿನ ನಿಯಮದ ಪ್ರಕಾರ ಸಿಟ್ಟಿನಲ್ಲಿ ಬಗ್ಗಿಸಿದ ಕ್ಲಬ್‌ನಲ್ಲೇ ಆಡಬಹುದು, ಬದಲಿ ಮಾತ್ರ ತೆಗೆದುಕೊಳ್ಳುವಂತಿಲ್ಲ. ಗಂಭೀರವಾಗಿ ದುರ್ವರ್ತನೆ ಮಾಡಿದರೆ ಸಮಿತಿ ಅನರ್ಹಗೊಳಿಸಬಹುದು. 2019ರಲ್ಲಿ ಸೌದಿ ಅರೇಬಿಯಾದ ಟೂರ್ನಿಯಲ್ಲಿ ಗ್ರೀನ್‌ಗಳನ್ನು ಹಾಳು ಮಾಡಿದ್ದಕ್ಕೆ ಸೆರ್ಜಿಯೊ ಗಾರ್ಸಿಯಾ ಹಾಗೇ ಹೊರಬಿದ್ದರು. ಎಸೆದ ಕ್ಲಬ್ ಇನ್ನೊಬ್ಬರ ಮೊಣಕಾಲಿಗೆ ಬಡಿದರೆ ಏನಾಗುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಜೊತೆಗೆ ಆಡುವವರು ಸಿಟ್ಟಾದರೆ? ಸಮಾಧಾನ ಹೇಳಲು ಹೋಗಬೇಡಿ. 'ಪರವಾಗಿಲ್ಲ ಬಿಡಿ ಸಾರ್, ಚೆನ್ನಾಗೇ ಹೊಡೆದ್ರಿ' ಅನ್ನುವುದು ಆ ಕ್ಷಣದಲ್ಲಿ ಬೆಂಕಿಗೆ ತುಪ್ಪ. ಸ್ವಿಂಗ್ ಬಗ್ಗೆ ಸಲಹೆಯಂತೂ ಬೇಡವೇ ಬೇಡ. ಚೆಂಡು ಹುಡುಕಿಕೊಡಿ. ಹುಡುಕಲು ಇರುವುದು ಮೂರೇ ನಿಮಿಷ, ನಿಮ್ಮ ಕಣ್ಣು ಅವರಿಗೆ ಮಾತಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇನ್ನು ಮಕ್ಕಳ ವಿಷಯ. ಜೂನಿಯರ್ ಟೂರ್ನಿಗಳಲ್ಲಿ ನಾನು ಚೆಂಡನ್ನು ನೋಡುವುದು ಕಡಿಮೆ. ಹೊಡೆದ ಹುಡುಗ ಆಮೇಲೆ ಎಲ್ಲಿ ನೋಡುತ್ತಾನೆ ಅಂತ ಗಮನಿಸುತ್ತೇನೆ. ಕೆಲವರು ಚೆಂಡು ನೆಲಕ್ಕೆ ಬೀಳುವ ಮೊದಲೇ ಹಗ್ಗದಾಚೆ ನಿಂತ ಅಪ್ಪನ ಮುಖ ನೋಡುತ್ತಾರೆ. ಅಪ್ಪ ತಲೆ ಮೇಲೆ ಕೈ ಇಟ್ಟಿರುತ್ತಾರೆ, ಇಲ್ಲವೇ ಬೆನ್ನು ತಿರುಗಿಸಿ ನಡೆಯಲು ಶುರು ಮಾಡಿರುತ್ತಾರೆ. ಮುಂದಿನ ಹೊಡೆತಕ್ಕೆ ಆ ಹುಡುಗ ಯಾವ ಕ್ಲಬ್ ತೆಗೆಯುತ್ತಾನೆ ಅನ್ನುವುದು ಅಲ್ಲೇ ನಿರ್ಧಾರವಾಗಿರುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಎಷ್ಟು ಹೊಡೆದೆ ಅಂತ ಕೇಳುವ ಬದಲು, ಇವತ್ತು ಯಾವ ಹೋಲ್‌ನಲ್ಲಿ ಕ್ಲಬ್ ಆರಿಸಿದ್ದು ನಿನಗೆ ಸರಿ ಅನ್ನಿಸಿತು ಅಂತ ಕೇಳಿ ನೋಡಿ. "ನಮ್ಮ ಹುಡುಗನಿಗೆ ಸಿಟ್ಟು ಜಾಸ್ತಿ ಸಾರ್, ಸ್ವಲ್ಪ ಬುದ್ಧಿ ಹೇಳಿ" ಅಂತ ಕರೆದುಕೊಂಡು ಬರುವವರಲ್ಲಿ ಕೆಲವರಿಗೆ ನಾನು ಮೊದಲ ಭೇಟಿಯ ಸಮಯವನ್ನು ಅಪ್ಪನ ಹೆಸರಿಗೇ ಬರೆದುಕೊಡುತ್ತೇನೆ.