ಪದ ಪರಿಚಯ: ಶೋ ಡಾಗ್ ಹ್ಯಾಂಡ್ಲರ್

ಡಾಗ್ ಶೋನ ರಿಂಗಿನಲ್ಲಿ ನಾಯಿಯ ಜೊತೆ ಓಡುತ್ತಿರುವವರೇ ಅದರ ಮಾಲೀಕರು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಹಾಗಿರುವುದಿಲ್ಲ. ಮಾಲೀಕರು ಹೊರಗೆ ಕುರ್ಚಿಯಲ್ಲಿ ಕೂತು ಉಗುರು ಕಚ್ಚುತ್ತಿರುತ್ತಾರೆ. ಒಳಗಿರುವವರು ದುಡ್ಡು ಪಡೆದು ಬೇರೆಯವರ ನಾಯಿಯನ್ನು ತೋರಿಸುವ ಕಸುಬುದಾರರು. ಇವರೇ ಶೋ ಡಾಗ್ ಹ್ಯಾಂಡ್ಲರ್. ಪೊಲೀಸ್ ಶ್ವಾನದಳದ ಹ್ಯಾಂಡ್ಲರ್‌ಗೂ ಇವರಿಗೂ ಸಂಬಂಧವಿಲ್ಲ, ಅದು ಬೇರೆಯೇ ಕೆಲಸ.

ಇವರು ಏನು ಮಾಡುತ್ತಾರೆ ಎಂದು ತಿಳಿಯಬೇಕಾದರೆ ಮೊದಲು ಶೋನಲ್ಲಿ ಏನನ್ನು ನೋಡುತ್ತಾರೆ ಎಂದು ಗೊತ್ತಿರಬೇಕು. ಅಲ್ಲಿ ನಡೆಯುವುದು ಬರೀ ಅಂದದ ಸ್ಪರ್ಧೆಯಲ್ಲ. ಪ್ರತಿ ತಳಿಗೂ ಬರೆದಿಟ್ಟ ಒಂದು ಮಾನದಂಡ ಇರುತ್ತದೆ. ಎತ್ತರ, ತಲೆಯ ಆಕಾರ, ಹಲ್ಲಿನ ಜೋಡಣೆ, ಬೆನ್ನಿನ ಗೆರೆ, ನಡಿಗೆ, ಸ್ವಭಾವ ಎಲ್ಲವೂ ಅದರಲ್ಲಿರುತ್ತವೆ. ಎದುರಿಗಿರುವ ನಾಯಿ ಅದಕ್ಕೆ ಎಷ್ಟು ಹತ್ತಿರ ಇದೆ ಎಂದು ಜಡ್ಜ್ ಅಳೆಯುತ್ತಾರೆ. ಮುಂದಿನ ಪೀಳಿಗೆಗೆ ಯಾವ ನಾಯಿ ತಕ್ಕದ್ದು ಎಂದು ಆರಿಸುವುದಕ್ಕೇ ಇದೆಲ್ಲ ಶುರುವಾಗಿದ್ದು. ಹಾಗಾಗಿಯೇ ಅಮೆರಿಕದಲ್ಲಿ ಸಂತಾನಹರಣ ಆಪರೇಷನ್ ಆದ ನಾಯಿಗೆ ಈ ರಿಂಗಿನೊಳಗೆ ಜಾಗವಿಲ್ಲ.

ಅಮೆರಿಕದಲ್ಲಿ ತಳಿ ನೋಂದಣಿ, ಶೋಗಳ ನಿಯಮ ನೋಡಿಕೊಳ್ಳುವ ಅಮೆರಿಕನ್ ಕೆನಲ್ ಕ್ಲಬ್‌ನ ಲೆಕ್ಕದಲ್ಲಿ ಒಬ್ಬ ಜಡ್ಜ್ ಗಂಟೆಗೆ ಸುಮಾರು 25 ನಾಯಿ ನೋಡಬೇಕು. ಅಂದರೆ ಒಂದು ನಾಯಿಗೆ ಸಿಗುವುದು ಹೆಚ್ಚೂಕಮ್ಮಿ ಎರಡೂವರೆ ನಿಮಿಷ. ಮಾಲೀಕರು ದುಡ್ಡು ಕೊಡುವುದು ಈ ಎರಡೂವರೆ ನಿಮಿಷಕ್ಕೇ.

ಅಷ್ಟರಲ್ಲಿ ಏನೇನು ಆಗಬೇಕು ನೋಡಿ. ಮೊದಲು ನಾಯಿಯನ್ನು ಸರಿಯಾಗಿ ನಿಲ್ಲಿಸಬೇಕು. ಇದಕ್ಕೆ ಸ್ಟ್ಯಾಕ್ ಅನ್ನುತ್ತಾರೆ. ಮುಂಗಾಲು ಭುಜದ ಕೆಳಗೆ ನೇರ ಇರಬೇಕು, ಹಿಂಗಾಲಿನ ಕೆಳಭಾಗ ನೆಲಕ್ಕೆ ಲಂಬವಾಗಿರಬೇಕು. ಜರ್ಮನ್ ಶೆಫರ್ಡ್‌ನದು ಬೇರೆ ಪದ್ಧತಿ, ಅದರ ಒಂದು ಹಿಂಗಾಲನ್ನು ಹೊಟ್ಟೆಯ ಕಡೆಗೆ ಮುಂದಿಟ್ಟು ನಿಲ್ಲಿಸುತ್ತಾರೆ. ಆಮೇಲೆ ಜಡ್ಜ್ ಬಂದು ಹಲ್ಲು ನೋಡುತ್ತಾರೆ, ಮೈಯೆಲ್ಲ ತಡವುತ್ತಾರೆ, ಗಂಡು ನಾಯಿಯ ಎರಡೂ ವೃಷಣ ಇವೆಯೇ ಎಂದೂ ಪರೀಕ್ಷಿಸುತ್ತಾರೆ. ಚಿಕ್ಕ ತಳಿಗಳನ್ನು ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಾರೆ. ಕೊನೆಗೆ ನಡಿಗೆ. ನಾಯಿ ಕುಕ್ಕುಲೋಟದಲ್ಲಿ ಸಾಗಬೇಕು, ಹ್ಯಾಂಡ್ಲರ್ ತನ್ನ ಹೆಜ್ಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಜಡ್ಜ್‌ಗೂ ನಾಯಿಗೂ ನಡುವೆ ಅಡ್ಡ ಬರಬಾರದು. ನಾಯಿ ಕಿವಿ ನಿಮಿರಿಸಿ ನೋಡಲಿ ಎಂದು ಜೇಬಿನಲ್ಲಿ ಬೇಯಿಸಿದ ಲಿವರ್ ಚೂರು ಇಟ್ಟುಕೊಂಡಿರುತ್ತಾರೆ, ಅದಕ್ಕೆ ಬೇಟ್ ಎಂದು ಹೆಸರು. ಕೈ ಖಾಲಿ ಇಲ್ಲದಾಗ ಅದನ್ನು ಬಾಯಲ್ಲೇ ಇಟ್ಟುಕೊಳ್ಳುವವರೂ ಉಂಟು! ಬಟ್ಟೆಯಲ್ಲೂ ಲೆಕ್ಕಾಚಾರ ಇದೆ. ಕಪ್ಪು ನಾಯಿ ತೋರಿಸುವವರು ಕಪ್ಪು ಪ್ಯಾಂಟು ಹಾಕಿದರೆ ನಾಯಿಯ ಗೆರೆಯೇ ಕಾಣುವುದಿಲ್ಲ ಅಲ್ವಾ?

ಇಷ್ಟನ್ನು ಮಾಲೀಕರೇ ಮಾಡಬಹುದು, ಮಾಡಿ ಗೆಲ್ಲುವವರೂ ಇದ್ದಾರೆ. ಆದರೆ ಕೈ ನಡುಗಿದರೆ ಅದು ಹಗ್ಗದ ಮೂಲಕ ನಾಯಿಗೆ ತಿಳಿದುಬಿಡುತ್ತದೆ. ಹ್ಯಾಂಡ್ಲರ್‌ಗೆ ಆ ಪುಕಪುಕ ಇರುವುದಿಲ್ಲ.

ನಮ್ಮ ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. ಅದರ ಕೂದಲು ಗಿಡ್ಡ. ದಟ್ಟ ಗುಂಗುರು ಕೂದಲಿನ ಪೂಡಲ್ ತಳಿಗೆ ಮಾಡುವಂತೆ ಕತ್ತರಿಯ ಕೈಚಳಕದಲ್ಲಿ ಏನನ್ನೂ ಮರೆಮಾಡಲು ಆಗುವುದಿಲ್ಲ. ಅಪರಿಚಿತರು ಮೈ ಮುಟ್ಟಿದರೆ ಅದಕ್ಕೆ ಸೇರುವುದಿಲ್ಲ, ಜಡ್ಜ್ ಕೈ ಹಾಕಿದ ಕೂಡಲೇ ಹಿಂದೆ ಸರಿಯುತ್ತದೆ. ಬೇಟೆ ಅಟ್ಟಿಸಿಕೊಂಡು ನಾಗಾಲೋಟ ಓಡುವ ನಾಯಿಗೆ ಹದವಾದ ಕುಕ್ಕುಲೋಟ ಕಲಿಸುವುದೂ ಸುಲಭವಲ್ಲ. ಹಾಗಾಗಿ ಇಲ್ಲಿ ಹ್ಯಾಂಡ್ಲರ್ ಕೆಲಸ ಶೋಗಿಂತ ತಿಂಗಳುಗಟ್ಟಲೆ ಮುಂಚೆಯೇ ಶುರುವಾಗಬೇಕು. ಮರಿಯಿದ್ದಾಗಲೇ ಹೊಸಬರ ಕೈ ಅಭ್ಯಾಸ ಮಾಡಿಸಬೇಕು, ಜನಜಂಗುಳಿಯಲ್ಲಿ ಓಡಾಡಿಸಬೇಕು.

ಭಾರತದಲ್ಲಿ ತಳಿ ನೋಂದಣಿ, ಶೋಗಳ ನಿಯಮ ಎಲ್ಲ ಮುಖ್ಯವಾಗಿ ನೋಡಿಕೊಳ್ಳುವುದು ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ. ಬೆಂಗಳೂರಿನಲ್ಲೂ ಶೋ ನಡೆಯುತ್ತವೆ. ಸುಮ್ನೆ ಒಂದು ದಿನ ಹೋಗಿ ರಿಂಗಿನ ಪಕ್ಕ ನಿಂತರೆ ಮೇಲೆ ಹೇಳಿದ್ದೆಲ್ಲ ಕಣ್ಣೆದುರೇ ಕಾಣುತ್ತದೆ.

ಹೆಸರು ಮಾಡುವ ವಿಚಾರಕ್ಕೆ ಬಂದರೆ ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಶೋ ಈ ಕಸುಬಿನ ದೊಡ್ಡ ಅಂಗಳ. ಅದು 1877ರಿಂದ ನಡೆಯುತ್ತಿದೆ. 1956ರಲ್ಲಿ ಆನ್ ರೋಜರ್ಸ್ ಕ್ಲಾರ್ಕ್ ಒಂದು ಟಾಯ್ ಪೂಡಲ್ ಜೊತೆ ಅಲ್ಲಿ ಬೆಸ್ಟ್ ಇನ್ ಶೋ, ಅಂದರೆ ಇಡೀ ಶೋನ ಅತ್ಯುತ್ತಮ ನಾಯಿ ಎಂಬ ಪ್ರಶಸ್ತಿ ಗೆದ್ದರು. ವೃತ್ತಿಪರ ಮಹಿಳಾ ಹ್ಯಾಂಡ್ಲರ್ ಒಬ್ಬರು ಅದನ್ನು ಗೆದ್ದದ್ದು ಅದೇ ಮೊದಲು. ಅವರ ಹತ್ತಿರ ಕೆಲಸ ಕಲಿಯಲು ಜಪಾನಿನಿಂದ ಬಂದ ಹುಡುಗ ಕಾಜ್ ಹೊಸಾಕಾ. ಆತ 2002ರಲ್ಲಿ ಸ್ಪೈಸ್ ಎಂಬ ಪೂಡಲ್ ಜೊತೆ, 2024ರಲ್ಲಿ ಸೇಜ್ ಎಂಬ ಪೂಡಲ್ ಜೊತೆ ಅದೇ ಪ್ರಶಸ್ತಿ ಪಡೆದರು. ಇದೇ ನನ್ನ ಕೊನೆಯ ವೆಸ್ಟ್‌ಮಿನ್‌ಸ್ಟರ್ ಎಂದೂ ಹೇಳಿದರು. ಮುಂದಿನ ತಿಂಗಳೇ ತೀರಿಕೊಂಡರು.

ಅಷ್ಟು ದೊಡ್ಡ ಪ್ರಶಸ್ತಿಗೆ ನಗದು ಬಹುಮಾನ ಇಲ್ಲ! ಹಾಗಾದರೆ ಹ್ಯಾಂಡ್ಲರ್ ಹೊಟ್ಟೆ ತುಂಬುವುದು ಹೇಗೆ? ಒಂದೊಂದು ಶೋಗೆ ಇಷ್ಟು ಎಂದು ಫೀಸು, ದೊಡ್ಡ ಗೆಲುವಿಗೆ ಬೋನಸ್, ನಾಯಿಯನ್ನು ತನ್ನ ಬಳಿ ಇಟ್ಟುಕೊಂಡು ಸಾಕಿದ್ದಕ್ಕೆ ಬಾಡಿಗೆ, ಪ್ರಯಾಣದ ಖರ್ಚಿನ ಪಾಲು. ಇದರ ಮೇಲೆ ನಾಯಿಗಳ ಸ್ನಾನ, ಕೂದಲು ಕತ್ತರಿಸುವ ಕೆಲಸವನ್ನೂ ಬಹಳ ಜನ ಮಾಡುತ್ತಾರೆ.

ಒಂದು ದೂರು ಮಾತ್ರ ಎಲ್ಲ ಕಡೆ ಕೇಳಿಬರುತ್ತದೆ. ಜಡ್ಜ್ ನಾಯಿ ನೋಡುವುದಿಲ್ಲ, ಹಗ್ಗ ಹಿಡಿದವರ ಮುಖ ನೋಡುತ್ತಾರೆ ಎಂದು. ಇದು ಪೂರ್ತಿ ಸುಳ್ಳು ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಒಳ್ಳೆಯ ಹ್ಯಾಂಡ್ಲರ್ ಸಿಕ್ಕ ನಾಯಿಯನ್ನೆಲ್ಲ ಒಪ್ಪಿಕೊಳ್ಳುವುದೂ ಇಲ್ಲ. ‘ನಿಮ್ಮ ನಾಯಿ ಮನೆಗೆ ಚೆನ್ನ, ರಿಂಗಿಗೆ ಬೇಡ’ ಎಂದು ಮುಖಕ್ಕೆ ಹೇಳುವವರೇ ಹೆಸರು ಮಾಡುತ್ತಾರೆ. ಅಂಥವರ ನಾಯಿಗಳು ಜಾಸ್ತಿ ಗೆಲ್ಲುವುದರಲ್ಲಿ ಆಶ್ಚರ್ಯವೇನಿಲ್ಲ.

ನಾಯಿ ಒಪ್ಪಿಸುವ ಮುಂಚೆ ಮಾಲೀಕರು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಒಬ್ಬ ಹ್ಯಾಂಡ್ಲರ್ ಒಂದೇ ದಿನ ಹಲವು ನಾಯಿ ತೋರಿಸುತ್ತಾರೆ. ಅವರದೇ ಎರಡು ನಾಯಿ ತಮ್ಮ ತಮ್ಮ ತಳಿಯಲ್ಲಿ ಗೆದ್ದು ಹಲವು ತಳಿಗಳ ವಿಜೇತರು ಸೆಣಸುವ ಒಂದೇ ಗ್ರೂಪ್ ಸುತ್ತಿಗೆ ಬಂದರೆ ಯಾವುದರ ಹಗ್ಗ ಹಿಡಿಯುತ್ತಾರೆ? ಇದನ್ನು ಮೊದಲೇ ಮಾತಾಡಿಕೊಂಡಿರಬೇಕು. ಒಂದು ನಾಯಿ ಅವರ ಜೊತೆ ಹೋಗುತ್ತದೆ, ಇನ್ನೊಂದು ಸಹಾಯಕರ ಕೈಗೆ ಬರುತ್ತದೆ. ವರ್ಷಗಟ್ಟಲೆ ಗೂಡು ತೊಳೆದು, ನಾಯಿ ಮೀಯಿಸಿ, ಕೂದಲು ಒಣಗಿಸಿಕೊಂಡಿದ್ದ ಎಷ್ಟೋ ಸಹಾಯಕರು ದೊಡ್ಡ ರಿಂಗಿಗೆ ಮೊದಲ ಸಲ ಕಾಲಿಡುವುದು ಹೀಗೆಯೇ.